ಮಡಚುವ ದೊಡ್ಡ ಚಾಕು: ಅದರ ಸಂಗ್ರಹವೂ ಉಪಯೋಗವೂ

ವ್ಯವಸಾಯದ ಉಪಕರಣಗಳನ್ನು ಎಣಿಸುವಾಗ ನೇಗಿಲು, ಕುಂಟೆ, ಕೂರಿಗೆ, ಗುದ್ದಲಿ, ಕುಡುಗೋಲುಗಳನ್ನು ಹೇಳಿ, ರೈತನ ಕಿಸೆಯಲ್ಲಿರುವ ಚಾಕುವನ್ನು ಬಿಟ್ಟುಬಿಡುವುದು ವಾಡಿಕೆಯಾಗಿದೆ. ಆದರೆ ತೋಟದ ಕೆಲಸದಲ್ಲಿ ದಿನಕ್ಕೆ ಅದರಷ್ಟು ಸಾರಿ ಕೈಗೆ ಬರುವ ಉಪಕರಣವು ಮತ್ತೊಂದಿಲ್ಲ. ಮಾವಿನ ಸಸಿಗೆ ಕಸಿ ಕಟ್ಟುವುದು, ಗುಲಾಬಿಗೆ ಕಣ್ಣು ಕೂರಿಸುವುದು, ದಾಳಿಂಬೆಯ ಒಣಕಡ್ಡಿಯನ್ನು ಸವರುವುದು, ಬಿತ್ತನೆಯ ಆಲೂಗೆಡ್ಡೆಯನ್ನು ಹೋಳು ಮಾಡುವುದು, ಮೂಟೆಯ ಹುರಿಯನ್ನು ಕೊಯ್ಯುವುದು ಇವೆಲ್ಲವೂ ಅದರಿಂದಲೇ ನಡೆಯುತ್ತವೆ. ಕಸಿ ಹತ್ತುವುದೂ ಹತ್ತದಿರುವುದೂ ಬಹುಮಟ್ಟಿಗೆ ಅದರ ಬಾಯಿಯನ್ನು ಅವಲಂಬಿಸಿದೆ. ಅಲ್ಲದೆ, ಎಚ್ಚರ ತಪ್ಪಿದಲ್ಲಿ ಒಂದು ಗಿಡದ ರೋಗವನ್ನು ಇನ್ನೊಂದು ಗಿಡಕ್ಕೆ ಸಾಗಿಸುವ ವಾಹನವೂ ಅದೇ ಆಗುತ್ತದೆ.

ಇಂತಹ ದೊಡ್ಡ ಚಾಕುಗಳಲ್ಲಿ ಹಿಂದಿನವರು ಮಾಡಿಸಿಟ್ಟ ಅಥವಾ ಕೊಂಡಿಟ್ಟ ಒಳ್ಳೆಯ ಉಕ್ಕಿನವು ಈಗ ತುಕ್ಕು ಹಿಡಿದು ಗುಜರಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿರುವುದುಂಟು. ಮತ್ತೆ ಕೆಲವರು ಅವುಗಳನ್ನು ಆಸಕ್ತಿಯಿಂದ ಕೂಡಿಟ್ಟರೂ, ಕಾಪಾಡುವ ಕ್ರಮವನ್ನು ತಿಳಿಯದೆ ಪೆಟ್ಟಿಗೆಯಲ್ಲಿಯೇ ಕೆಡಿಸುತ್ತಾರೆ. ಸಂಗ್ರಹಿಸುವವನಾಗಲಿ, ತೋಟದಲ್ಲಿ ಬಳಸುವವನಾಗಲಿ, ಮುಖ್ಯವಾಗಿ ನೋಡತಕ್ಕ ಅಂಶಗಳು ಮೂರೇ: ಉಕ್ಕಿನ ಹದ, ಕೀಲಿನ ಬಿಗಿ, ಬಾಯಿಯ ಶುಚಿ. ಈ ಮೂರನ್ನು ಆಧಾರವಾಗಿಟ್ಟುಕೊಂಡು ವಿಷಯವನ್ನು ಕೆಳಗೆ ವಿವರಿಸಿದೆ.

ಚಾಕುವಿನ ಅಂಗಗಳು

ಮಡಚಿದಾಗ ಹಿಡಿಯು 4ರಿಂದ 5 ಅಂಗುಲ ಉದ್ದವಿದ್ದು, ಅಲಗು 3ರಿಂದ 4 ಅಂಗುಲವಿರುವ ಚಾಕುವನ್ನು ಇಲ್ಲಿ ದೊಡ್ಡ ಚಾಕು ಎಂದು ಕರೆದಿದೆ. ಅದರ ಮುಖ್ಯ ಅಂಗಗಳು ಅಲಗು, ಹಿಡಿ, ಅಲಗು ತಿರುಗುವ ಕೀಲು, ಮತ್ತು ಅಲಗಿನ ಬುಡವನ್ನು ಒತ್ತಿ ಹಿಡಿಯುವ ಬೆನ್ನಿನ ಸ್ಪ್ರಿಂಗು.

ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುವ ಉಪಾಯವನ್ನು ಅನುಸರಿಸಿ ಈ ಚಾಕುಗಳನ್ನು ಮೂರು ವರ್ಗವಾಗಿ ವಿಂಗಡಿಸಬಹುದು. ಮೊದಲನೆಯದರಲ್ಲಿ ಸ್ಪ್ರಿಂಗೇ ಇರುವುದಿಲ್ಲ. ಕೀಲಿನ ಬಿಗಿಯಿಂದಲೋ ಕೈಯ ಒತ್ತಡದಿಂದಲೋ ಮಾತ್ರ ಅಲಗು ನಿಲ್ಲುತ್ತದೆ. ಎರಡನೆಯದರಲ್ಲಿ ಸ್ಪ್ರಿಂಗು ಅಲಗಿನ ಬುಡವನ್ನು ಒತ್ತಿ ನಿಲ್ಲಿಸುತ್ತದೆಯಾದರೂ ಬೀಗವಿಲ್ಲದ ಕಾರಣ ಬಲವಾಗಿ ಅದುಮಿದರೆ ಅಲಗು ಮಡಚಿಕೊಳ್ಳುತ್ತದೆ. ಮೂರನೆಯದರಲ್ಲಿ ಬಳೆ ಅಥವಾ ಕೊಂಡಿಯ ಸಹಾಯದಿಂದ ಅಲಗು ಬೀಗ ಬಿದ್ದಂತೆ ನಿಲ್ಲುತ್ತದೆ. ಹಳೆಯ ಕಾಲದ ಚಾಕುಗಳಲ್ಲಿ ಹೆಚ್ಚಿನವು ಎರಡನೆಯ ವರ್ಗಕ್ಕೆ ಸೇರಿದವುಗಳೆಂಬುದನ್ನು ಕೆಲಸ ಮಾಡುವಾಗ ಮರೆಯತಕ್ಕದ್ದಲ್ಲ.

ಅಲಗಿನ ಆಕಾರವೂ ಕೆಲಸಕ್ಕೆ ತಕ್ಕಂತೆ ಬೇರೆಬೇರೆಯಾಗಿರುತ್ತದೆ. ಬಾಯಿ ನೇರವಾಗಿರುವ ಅಲಗು ಕಸಿಗೆ ಯೋಗ್ಯವಾದುದು. ಗಿಳಿಮೂಗಿನಂತೆ ಒಳಕ್ಕೆ ಬಾಗಿದ ಅಲಗು ರೆಂಬೆಯನ್ನು ತಬ್ಬಿ ಹಿಡಿದು ಜಾರದಂತೆ ಕೊಯ್ಯುವುದರಿಂದ ಸವರುವ ಕೆಲಸಕ್ಕೆ ತಕ್ಕುದು. ಕಣ್ಣುಕಸಿಯ ಚಾಕುವಿನಲ್ಲಿ ತೊಗಟೆಯನ್ನು ಎಬ್ಬಿಸಲು ದಂತದಂತೆ ನುಣುಪಾದ ಮೊಂಡು ನಾಲಗೆಯೊಂದು ಬೇರೆಯಾಗಿರುತ್ತದೆ.

ಪೂರ್ವೇತಿಹಾಸ

ಮಡಚುವ ಚಾಕು ಹೊಸದಾಗಿ ಬಂದ ವಸ್ತುವಲ್ಲ. ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ದೊರೆತ ಮೂಳೆಯ ಹಿಡಿಯ ಚಾಕು ಕ್ರಿ. ಪೂ. 600-500ರ ಸುಮಾರಿನದೆಂದು ನಿರ್ಣಯಿಸಿರುತ್ತಾರೆ. ರೋಮನರೂ ಇಂತಹ ಚಾಕುಗಳನ್ನು ಬಳಸುತ್ತಿದ್ದರು. ಮುಂದೆ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೇರ್, ಸ್ಪೇನಿನ ಆಲ್ಬಸೇತೆ ಮುಂತಾದ ಊರುಗಳು ಈ ಕಸುಬಿಗೆ ಹೆಸರಾದವು. ಶೆಫೀಲ್ಡಿನ ಚಾಕುಗಾರರ ಸಂಘವು 1624ರಲ್ಲಿ ಕಾಯ್ದೆಯ ಮೂಲಕ ಸ್ಥಾಪಿತವಾಯಿತು. ಆ ಊರಿನ ಜೋಸೆಫ್ ರಾಜರ್ಸ್ ಕಾರ್ಖಾನೆಯವರು 1851ರ ಮಹಾ ಪ್ರದರ್ಶನಕ್ಕಾಗಿ 75 ಅಲಗುಗಳುಳ್ಳ ಚಾಕುವೊಂದನ್ನು ನಿರ್ಮಿಸಿದರು. ಅದು ಕೈಚಳಕವನ್ನು ತೋರಿಸಲು ಮಾಡಿದ ವಸ್ತು. ರೈತನ ಕಿಸೆಗೆ ಒಂದು ಅಥವಾ ಎರಡು ಅಲಗುಗಳ ಚಾಕುವೇ ಸಾಕು.

ಹಳ್ಳಿಯ ಅಗತ್ಯಗಳೇ ಚಾಕುವಿನ ರೂಪವನ್ನು ಹೇಗೆ ನಿರ್ಧರಿಸಿದುವೆಂಬುದಕ್ಕೆ ಫ್ರಾನ್ಸಿನ ಲಾಯೋಲ್ ಎಂಬ ಹಳ್ಳಿಯ ಚಾಕು ಒಳ್ಳೆಯ ನಿದರ್ಶನ. 1829ರಲ್ಲಿ ಮೊದಲಾದ ಈ ಮಾದರಿಗೆ ಕೆಲಕಾಲದ ಬಳಿಕ ಉದ್ದನೆಯ ದಬ್ಬಳವೊಂದನ್ನು ಸೇರಿಸಿದರು. ಹಸಿ ಮೇವನ್ನು ಅತಿಯಾಗಿ ತಿಂದು ಹೊಟ್ಟೆಯುಬ್ಬರಗೊಂಡ ದನದ ಹೊಟ್ಟೆಯನ್ನು ಚುಚ್ಚಿ ವಾಯುವನ್ನು ಹೊರಡಿಸಲು ದನಗಾಹಿಗಳು ಅದನ್ನು ಉಪಯೋಗಿಸುತ್ತಿದ್ದರು. (ಈ ಕಾರ್ಯವನ್ನು ಪಶುವೈದ್ಯರಿಗೇ ಬಿಡತಕ್ಕದ್ದು; ತಪ್ಪು ಸ್ಥಳದಲ್ಲಿ ಚುಚ್ಚಿದರೆ ದನವು ಉಳಿಯುವುದಿಲ್ಲ.) ಸವಾಯ್ ಪರ್ವತಪ್ರಾಂತದ ಜೋಸೆಫ್ ಒಪಿನೆಲ್ ಎಂಬಾತನು 1890ರಲ್ಲಿ ಮರದ ಹಿಡಿಯ ಸರಳವಾದ ಚಾಕುವೊಂದನ್ನು ರಚಿಸಿದನು. 1897ರ ಹೊತ್ತಿಗೆ ಅದು 1ರಿಂದ 12ರವರೆಗಿನ ಸಂಖ್ಯೆಗಳ ಗಾತ್ರಗಳಲ್ಲಿ ದೊರೆಯುತ್ತಿತ್ತು. ಅಲಗನ್ನು ಬಿಗಿಯುವ ತಿರುಗುಬಳೆಯು ಅದಕ್ಕೆ ಬಂದುದು 1955ರಲ್ಲಿ. ಜಪಾನಿನ ಮಿಕಿ ಎಂಬ ಊರಿನ ಹಿಗೊನೊಕಾಮಿ ಎಂಬ ಚಾಕುವಿನಲ್ಲಿ ಸ್ಪ್ರಿಂಗೇ ಇಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೊಯ್ಯಬೇಕು.

ಈ ಇತಿಹಾಸದಲ್ಲಿ ಕನ್ನಡನಾಡಿಗೂ ಭಾರತಕ್ಕೂ ನಿಜವಾದ ಪಾಲಿದೆ. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಯೂರೋಪಿಯನರು ‘ವೂಟ್ಸ್’ ಎಂದು ಕರೆದರು. ‘ಉಕ್ಕು’ ಎಂಬ ಕನ್ನಡದ ಮಾತೇ ಹೀಗೆ ರೂಪಾಂತರ ಹೊಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಇಲ್ಲಿಯ ಕುಲುಮೆಗಳಲ್ಲಿ ಕಬ್ಬಿಣವನ್ನೂ ಉಕ್ಕನ್ನೂ ತಯಾರಿಸುವ ಕ್ರಮವನ್ನು ಬರೆದಿಟ್ಟಿರುತ್ತಾನೆ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕುಗಾರನು ಈ ಉಕ್ಕಿನಿಂದ ಹರಿತವಾದ ಉಪಕರಣಗಳನ್ನು ಮಾಡಿ ಅದನ್ನು ಬಹಳವಾಗಿ ಮೆಚ್ಚಿಕೊಂಡನು. ಮುಂದೆ ಆತನೂ ಮೈಕೇಲ್ ಫ್ಯಾರಡೆಯೂ ಕೂಡಿ ಉಕ್ಕಿನ ಮಿಶ್ರಣಗಳ ವಿಷಯವಾಗಿ ನಡೆಸಿದ ಪ್ರಯೋಗಗಳನ್ನು 1820ರಲ್ಲಿ ಪ್ರಕಟಿಸಿದರು. ಶೆಫೀಲ್ಡಿನ ಚಾಕುಗಳ ಹಿಡಿಗಳಿಗೆ ಭಾರತದ ಕಡವೆಯ ಕೊಂಬೂ ಹಡಗಿನಲ್ಲಿ ಹೋಗುತ್ತಿತ್ತು.

ಉಕ್ಕಿನ ಹದ

ಚಾಕುವಿನ ಅಲಗುಗಳಲ್ಲಿ ಎರಡು ಬಗೆಯ ಉಕ್ಕುಗಳುಂಟು. ಮೊದಲನೆಯದು ಇಂಗಾಲದ ಉಕ್ಕು. ಇದು ಬೇಗ ಮಸೆಯಲ್ಪಡುತ್ತದೆ, ಬಹಳ ತೆಳುವಾದ ಬಾಯಿಯನ್ನು ತಾಳುತ್ತದೆ; ಆದರೆ ತೇವಕ್ಕೆ ತುಕ್ಕು ಹಿಡಿಯುತ್ತದೆ. ಎರಡನೆಯದು ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕು. 1913ರಲ್ಲಿ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಇದನ್ನು ಎರಕ ಹೊಯ್ದ ಬಳಿಕ ಚಾಕುಗಳಲ್ಲಿ ಇದರ ಬಳಕೆ ಬೆಳೆಯಿತು. ಆದಕಾರಣ ಅದಕ್ಕಿಂತ ಹಳೆಯದೆಂದು ಹೇಳಿ ತುಕ್ಕು ಹಿಡಿಯದ ಉಕ್ಕಿನ ಚಾಕುವನ್ನು ಯಾರಾದರೂ ಮಾರಲು ಬಂದರೆ ಆ ಮಾತನ್ನು ನಂಬತಕ್ಕದ್ದಲ್ಲ.

ಇಂಗಾಲದ ಉಕ್ಕು ನಿಂಬೆ, ಮಾವು, ಹುಣಿಸೆಗಳ ಹುಳಿ ತಾಗಿದರೆ ಬೂದುಬಣ್ಣಕ್ಕೂ ಕಪ್ಪಿಗೂ ತಿರುಗುತ್ತದೆ. ಇದನ್ನು ಕಂಡು ಚಾಕು ಕೆಟ್ಟಿತೆಂದು ತಿಳಿಯಬಾರದು. ಈ ಕಪ್ಪು ಪೊರೆಯು ಅಲಗಿಗೆ ಅಂಟಿಕೊಂಡು ಸ್ವಲ್ಪಮಟ್ಟಿಗೆ ರಕ್ಷಣೆಯನ್ನೇ ಕೊಡುತ್ತದೆ. ಕೆಂಪು ತುಕ್ಕಾದರೋ ಪುಡಿಪುಡಿಯಾಗಿ ಉದುರುತ್ತ ಉಕ್ಕನ್ನು ಕೊರೆದು ಗುಳಿ ಮಾಡುತ್ತದೆ. ಕಪ್ಪನ್ನು ಬಿಡಬೇಕು, ಕೆಂಪನ್ನು ತೆಗೆಯಬೇಕು ಎಂಬುದು ಸುಲಭವಾದ ನಿಯಮ.

ಹದವೆಂದರೆ ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಮಿತವಾಗಿ ಕಾಯಿಸಿ ಪಡೆದ ಗಟ್ಟಿತನ. ಒಮ್ಮೆ ಸರಿಯಾಗಿ ಕೊಟ್ಟ ಹದವು ನೂರು ವರ್ಷ ಕಳೆದರೂ ತಾನಾಗಿ ಹೋಗುವುದಿಲ್ಲ. ಆದರೆ ಬಿಸಿ ತಾಗಿದರೆ ಕ್ಷಣದಲ್ಲಿ ಹೋಗುತ್ತದೆ. ಸಂತೆಗಳಲ್ಲಿ ವೇಗವಾಗಿ ತಿರುಗುವ ಒಣ ಸಾಣೆಚಕ್ರಕ್ಕೆ ಅಲಗನ್ನು ಒತ್ತಿ ಹಿಡಿದು ಕಿಡಿ ಹಾರಿಸಿದಾಗ ತೆಳುವಾದ ಅಂಚು ನೀಲಿಬಣ್ಣಕ್ಕೆ ತಿರುಗುವುದುಂಟು. ನೀಲಿ ಕಂಡಲ್ಲಿ ಉಕ್ಕು ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದು ಮೆತ್ತಗಾಯಿತೆಂದು ತಿಳಿಯತಕ್ಕದ್ದು. ಅಂತಹ ಬಾಯಿ ಎಷ್ಟು ಮಸೆದರೂ ಎರಡು ಕೊಯ್ತಕ್ಕೆ ಮೊಂಡಾಗುತ್ತದೆ.

ಹಳೆಯ ಚಾಕುವನ್ನು ಆರಿಸುವ ಕ್ರಮ

ಗುಜರಿ ಅಂಗಡಿಯಲ್ಲಾಗಲಿ, ಸಂತೆಯಲ್ಲಾಗಲಿ, ಮನೆಯ ಅಟ್ಟದಲ್ಲಾಗಲಿ ದೊರೆತ ಚಾಕುವನ್ನು ಈ ಕೆಳಗಣ ಕ್ರಮದಲ್ಲಿ ಪರೀಕ್ಷಿಸಬೇಕು.

(1) ಅಲಗು ಎಷ್ಟು ಉಳಿದಿದೆಯೆಂದು ನೋಡಬೇಕು. ಮಸೆದು ಮಸೆದು ಅಗಲವು ಅರ್ಧಕ್ಕೆ ಇಳಿದಿದ್ದರೆ ಅದನ್ನು ಸಂಗ್ರಹಕ್ಕೆ ಇಟ್ಟುಕೊಳ್ಳಬಹುದೇ ಹೊರತು ಕೆಲಸಕ್ಕೆ ಬಹುಕಾಲ ಬಾರದು.

(2) ಅಲಗನ್ನು ತೆರೆದು, ಹಿಡಿಯನ್ನು ಒಂದು ಕೈಯಲ್ಲಿಯೂ ಅಲಗಿನ ಬೆನ್ನನ್ನು ಮತ್ತೊಂದು ಕೈಯಲ್ಲಿಯೂ ಹಿಡಿದು ಎಡಬಲಕ್ಕೆ ಮೆಲ್ಲನೆ ಅಲುಗಿಸಬೇಕು. ಕೂದಲೆಳೆಯಷ್ಟು ಸಡಿಲವಿದ್ದರೆ ಕೀಲಿನ ಮೊಳೆಯನ್ನು ತಟ್ಟಿ ಬಿಗಿಗೊಳಿಸಬಹುದು. ಹೆಚ್ಚು ತೂಗಾಡಿದರೆ ಕಸಿಯ ಕೆಲಸಕ್ಕೆ ಅಯೋಗ್ಯ.

(3) ತೆರೆಯುವಾಗಲೂ ಮಡಚುವಾಗಲೂ ಸ್ಪ್ರಿಂಗು ‘ಟಕ್’ ಎಂದು ಸ್ಪಷ್ಟವಾಗಿ ಶಬ್ದ ಮಾಡಬೇಕು. ಕೊಳೆಯಿಂದ ಮಂಕಾಗಿದ್ದರೆ ಸೀಮೆಎಣ್ಣೆಯಿಂದ ತೊಳೆದು ನೋಡಬಹುದು. ಸ್ಪ್ರಿಂಗೇ ಸೋತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬಿಡುವುದು ಲೇಸು.

(4) ಅಲಗಿನ ಬುಡದ ಬಳಿ ಸಣ್ಣ ಅರದಿಂದ ಒಮ್ಮೆ ಮೆಲ್ಲನೆ ಉಜ್ಜಬೇಕು. ಹದವಿರುವ ಉಕ್ಕಿನ ಮೇಲೆ ಅರವು ಬಹುಮಟ್ಟಿಗೆ ಜಾರುತ್ತದೆ; ಮೆತ್ತಗಿನ ಕಬ್ಬಿಣದಲ್ಲಿ ಕಚ್ಚಿ ಹಿಡಿಯುತ್ತದೆ. ಕೇವಲ ಸಂಗ್ರಹಕ್ಕೆಂದು ಕೊಳ್ಳುವ ಅಪರೂಪದ ಚಾಕುವಿಗೆ ಈ ಪರೀಕ್ಷೆಯನ್ನು ಮಾಡಬಾರದು.

(5) ಅಲಗಿನ ಬುಡದಲ್ಲಿರುವ ಮುದ್ರೆಯನ್ನು ಓದಬೇಕು. ಕಿರೀಟದ ಎರಡು ಪಕ್ಕಗಳಲ್ಲಿ ‘ವಿ’, ‘ಆರ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು 1837ರಿಂದ 1901ರವರೆಗೆ ಆಳಿದ ವಿಕ್ಟೋರಿಯ ರಾಣಿಯ ಕಾಲದ ಗುರುತು. ವಿದೇಶದಿಂದ ಬರುವ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕವು 1890ರ ಸುಂಕದ ಕಾಯ್ದೆಯಲ್ಲಿ ವಿಧಿಸಿದ್ದರಿಂದ, ‘ಇಂಗ್ಲೆಂಡ್’ ಎಂಬ ಮುದ್ರೆಯುಳ್ಳ ಚಾಕು ಸಾಮಾನ್ಯವಾಗಿ ಆ ನಂತರದ್ದು. ಜೋಲಿಂಗೆನ್ ಎಂಬ ಹೆಸರಿಗೆ ಜರ್ಮನಿಯಲ್ಲಿ 1938ರಿಂದ ಕಾಯ್ದೆಯ ರಕ್ಷಣೆಯಿದೆ. ಹೀಗಿದ್ದರೂ ಹೆಸರಾಂತ ಮುದ್ರೆಗಳನ್ನು ಅನುಕರಿಸಿದ ಚಾಕುಗಳು ಹಿಂದಿನಿಂದಲೂ ಮಾರಾಟದಲ್ಲಿರುವುದರಿಂದ, ಮುದ್ರೆಯೊಂದನ್ನೇ ನೋಡಿ ಬೆಲೆ ಕಟ್ಟಬಾರದು.

(6) ಹೊಳೆಹೊಳೆಯುವಂತೆ ಯಂತ್ರದಲ್ಲಿ ಉಜ್ಜಿ ತಂದ ಹಳೆಯ ಚಾಕುವನ್ನು ಸಂಶಯದಿಂದ ನೋಡತಕ್ಕದ್ದು. ಅಕ್ಷರಗಳ ಅಂಚು ಮಸುಕಾಗಿದ್ದರೆ ಉಕ್ಕು ಸವೆದಿದೆಯೆಂದೇ ಅರ್ಥ. ಗಾಂಭೀರ್ಯದಿಂದ ಕಪ್ಪಾಗಿರುವ ಹಳೆಯ ಅಲಗಿಗೆ ಹೆಚ್ಚು ಬೆಲೆಯುಂಟು.

ಮಸೆಯುವ ಕ್ರಮ

ಒರಟು ಮತ್ತು ನುಣುಪು ಎಂಬ ಎರಡು ಮುಖಗಳುಳ್ಳ ಕಾರ್ಬೊರಂಡಂ ಸಾಣೆಕಲ್ಲು ಒಂದಿದ್ದರೆ ಸಾಕು. ಕಲ್ಲನ್ನು ಅಲುಗದಂತೆ ಒದ್ದೆ ಬಟ್ಟೆಯ ಮೇಲಿಟ್ಟು, ನೀರನ್ನಾಗಲಿ ತೆಳುವಾದ ಎಣ್ಣೆಯನ್ನಾಗಲಿ ಹಾಕಬೇಕು. ಒಂದೇ ಕಲ್ಲಿಗೆ ಒಮ್ಮೆ ಎಣ್ಣೆ, ಒಮ್ಮೆ ನೀರು ಎಂದು ಬದಲಾಯಿಸಬಾರದು.

ಎರಡು ಕಡೆಯೂ ಇಳಿಜಾರಿರುವ ಸಾಮಾನ್ಯ ಚಾಕುವಿಗೆ ಪ್ರತಿಯೊಂದು ಪಕ್ಕದಲ್ಲಿಯೂ 15ರಿಂದ 20 ಡಿಗ್ರಿ ಕೋನ ಯೋಗ್ಯವಾದುದು. ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಅಲಗಿನ ಅಗಲ 1 ಅಂಗುಲವಿದ್ದರೆ ಬೆನ್ನನ್ನು ಕಲ್ಲಿನಿಂದ ಕಾಲು ಅಂಗುಲ ಎತ್ತಿದಾಗ ಸುಮಾರು 15 ಡಿಗ್ರಿಯೂ, ಮೂರನೆಯ ಒಂದು ಅಂಗುಲ ಎತ್ತಿದಾಗ ಸುಮಾರು 20 ಡಿಗ್ರಿಯೂ ಆಗುತ್ತದೆ. ಅಲಗಿನ ಅಗಲ ಕಡಿಮೆಯಾದಂತೆ ಎತ್ತುವುದನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಬೇಕು. ಕೋನವನ್ನು ಬದಲಾಯಿಸದೆ, ಕಲ್ಲಿನಿಂದ ತೆಳುವಾದ ಸಿಪ್ಪೆಯನ್ನು ಕೊಯ್ಯುವವರಂತೆ ಬುಡದಿಂದ ಮೊನೆಯವರೆಗೆ ಎಳೆಯಬೇಕು. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದಾಗ ಆಚೆಯ ಪಕ್ಕದಲ್ಲಿ ಉದ್ದಕ್ಕೂ ಒರಟಾದ ಎಳೆಯೊಂದು ತಗುಲಿದರೆ ಆ ಪಕ್ಕವು ಮುಗಿಯಿತೆಂದು ತಿಳಿದು ಇನ್ನೊಂದು ಪಕ್ಕವನ್ನು ಮಸೆಯಬೇಕು. ಅನಂತರ ನುಣುಪು ಮುಖದ ಮೇಲೆ ಒತ್ತಡವಿಲ್ಲದೆ ಎರಡು ಪಕ್ಕಗಳನ್ನೂ ಸರದಿಯಂತೆ ಎಳೆದು, ಕೊನೆಗೆ ಕ್ಷೌರಿಕರು ಕತ್ತಿ ತಿಕ್ಕುವಂತಹ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಹತ್ತಾರು ಸಾರಿ ತಿಕ್ಕಿದರೆ ಆ ಎಳೆಯು ಉದುರಿಹೋಗುತ್ತದೆ.

ಕಸಿಯ ಚಾಕುಗಳಲ್ಲಿ ಅನೇಕವು ಒಂದೇ ಪಕ್ಕಕ್ಕೆ ಇಳಿಜಾರುಳ್ಳವು; ಮತ್ತೊಂದು ಪಕ್ಕ ಪೂರ್ತಿ ಚಪ್ಪಟೆ. ಕೊಯ್ತವು ಗರಗಸದಿಂದ ಮಟ್ಟ ಮಾಡಿದ ಹಲಗೆಯಂತೆ ನೇರವಾಗಿ ಬರಲೆಂದೇ ಈ ಏರ್ಪಾಡು. ಇವುಗಳ ಚಪ್ಪಟೆ ಪಕ್ಕವನ್ನು ಎಂದಿಗೂ ಓರೆಯಾಗಿ ಎತ್ತಿ ಮಸೆಯಬಾರದು. ಕಲ್ಲಿನ ಮೇಲೆ ಸಂಪೂರ್ಣ ಮಲಗಿಸಿ ಎಳೆಯನ್ನು ಮಾತ್ರ ತೆಗೆಯಬೇಕು.

ತೋಟದಲ್ಲಿ ಉಪಯೋಗ

ಮಾವಿನ ಮೃದುಕಾಂಡ ಕಸಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಾಯಿಮರದಲ್ಲಿ ಆರಿಸಿದ ಕುಡಿಯ ಎಲೆಗಳನ್ನು ತೊಟ್ಟು ಉಳಿಯುವಂತೆ 8-10 ದಿನ ಮುಂಚಿತವಾಗಿ ಕತ್ತರಿಸಿ ಬಿಟ್ಟರೆ ಅದರ ಮೊಗ್ಗು ಉಬ್ಬಿಕೊಳ್ಳುತ್ತದೆ. ಬುಡದ ಸಸಿಯ ಎಳೆಯ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ, ಅದರ ನಡುವೆ 4-5 ಸೆಂಟಿಮೀಟರ್ ಆಳಕ್ಕೆ ಸೀಳಬೇಕು. ಅಷ್ಟೇ ದಪ್ಪದ ಕುಡಿಯ ಕೆಳತುದಿಯನ್ನು ಎರಡು ಪಕ್ಕಗಳಲ್ಲಿಯೂ ಅಷ್ಟೇ ಉದ್ದಕ್ಕೆ ಬೆಣೆಯಂತೆ ಕೆತ್ತಿ, ಸೀಳಿನಲ್ಲಿ ಕೂರಿಸಿ, ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು.

ಇಲ್ಲಿ ಚಾಕುವಿನ ಪಾತ್ರವೇನೆಂಬುದನ್ನು ಗಮನಿಸತಕ್ಕದ್ದು. ತೊಗಟೆಗೂ ಮರಕ್ಕೂ ನಡುವೆ ಇರುವ ಬಹಳ ತೆಳುವಾದ ಬೆಳೆಯುವ ಪೊರೆಯೇ ಎರಡು ತುಂಡುಗಳನ್ನು ಬೆಸೆಯುವುದು. ಕುಡಿಯ ಪೊರೆಯೂ ಬುಡದ ಪೊರೆಯೂ ಪರಸ್ಪರ ತಾಗಿಕೊಂಡಿರಬೇಕು. ಹರಿತವಾದ ಚಾಕು ಒಂದೇ ಎಳೆತದಲ್ಲಿ ಸಮತಲವಾಗಿ ಕೊಯ್ಯುವುದರಿಂದ ಎರಡು ಮುಖಗಳೂ ಎಡೆಯಿಲ್ಲದೆ ಕೂಡಿಕೊಳ್ಳುತ್ತವೆ. ಮೊಂಡು ಚಾಕುವಾದರೋ ಆ ಪೊರೆಯನ್ನು ಜಜ್ಜುತ್ತದೆ. ಎರಡು ಮೂರು ಸಾರಿ ಕೆತ್ತಬೇಕಾಗಿ ಬಂದು ಮುಖವು ಉಬ್ಬುತಗ್ಗಾಗುತ್ತದೆ. ಎಡೆಯಲ್ಲಿ ಗಾಳಿ ನಿಂತು ಕೊಯ್ತವು ಕಂದುಬಣ್ಣಕ್ಕೆ ತಿರುಗಿ ಒಣಗುತ್ತದೆ. ಕಸಿ ಹತ್ತದಿದ್ದಾಗ ಕುಡಿಯನ್ನೂ ಹವೆಯನ್ನೂ ದೂರುವ ಮುನ್ನ ಚಾಕುವಿನ ಬಾಯಿಯನ್ನು ಪರೀಕ್ಷಿಸುವುದು ಉತ್ತಮ. ಕಾಗದದ ಹಾಳೆಯೊಂದನ್ನು ಗಾಳಿಯಲ್ಲಿ ಹಿಡಿದು ಕೊಯ್ದಾಗ ಹರಿಯದೆ ಸರಾಗವಾಗಿ ಸೀಳಿದರೆ ಆ ಬಾಯಿ ಕಸಿಗೆ ಯೋಗ್ಯವೆಂದು ತಿಳಿಯಬಹುದು.

ಕಸಿಗೆಂದು ಇಟ್ಟ ಚಾಕುವಿನಿಂದ ಹುರಿ, ಗೊಬ್ಬರದ ಚೀಲ, ತಂತಿಗಳನ್ನು ಕತ್ತರಿಸಬಾರದು. ಈ ಕಾರಣದಿಂದ ರೈತನಲ್ಲಿ ಕನಿಷ್ಠ ಎರಡು ಚಾಕುಗಳಾದರೂ ಇರುವುದು ಅವಶ್ಯ. ಅಟ್ಟದಲ್ಲಿ ಬಿದ್ದಿರುವ ಹಳೆಯ ಚಾಕುವನ್ನು ಹದಕ್ಕೆ ತಂದುಕೊಂಡರೆ ಈ ಎರಡನೆಯ ಚಾಕು ಖರ್ಚಿಲ್ಲದೆ ದೊರೆತಂತಾಗುತ್ತದೆ.

ಬಾಯಿಯ ಶುಚಿ

ಗಿಡದಿಂದ ಗಿಡಕ್ಕೆ ಚಾಕುವಿನ ಮೂಲಕ ರೋಗ ಹರಡುವುದು ಊಹೆಯ ಮಾತಲ್ಲ. 1944-45ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಗುರುತಿಸಲ್ಪಟ್ಟ ಕೂಳೆಕಬ್ಬಿನ ಕುಬ್ಜರೋಗವು ಮುಖ್ಯವಾಗಿ ಬಿತ್ತನೆಯ ತುಂಡುಗಳಿಂದಲೂ, ಕಬ್ಬು ಕಡಿಯುವ ಕತ್ತಿಯಿಂದಲೂ ಹರಡುತ್ತದೆ. ಭಾರತದಲ್ಲಿ 1952ರಲ್ಲಿ ಮೊದಲು ವರ್ಣಿತವಾಗಿ, ಅನಂತರ ಉತ್ತರ ಕರ್ನಾಟಕದ ತೋಟಗಳಿಗೆ ಬಹಳ ನಷ್ಟವನ್ನುಂಟುಮಾಡಿದ ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ಮಳೆಯ ಹನಿಗಳಿಂದ ಹರಡುವುದಲ್ಲದೆ ಸವರುವ ಉಪಕರಣಗಳಿಂದಲೂ ಹರಡುತ್ತದೆ. ಹಾಸನ ಮೊದಲಾದ ಕಡೆಗಳಲ್ಲಿ ಆಲೂಗೆಡ್ಡೆಯನ್ನು ಹೋಳು ಮಾಡುವಾಗ ಒಂದು ರೋಗದ ಗೆಡ್ಡೆಯನ್ನು ಕೊಯ್ದ ಚಾಕು ಮುಂದಿನ ಹಲವು ಗೆಡ್ಡೆಗಳಿಗೆ ದುಂಡಾಣು ಸೊರಗು ರೋಗವನ್ನು ಅಂಟಿಸಬಲ್ಲದು.

ಕಿತ್ತಳೆ, ನಿಂಬೆಯ ಜಾತಿಗಳಲ್ಲಿ ಮತ್ತೂ ಸೂಕ್ಷ್ಮವಾದ ಶತ್ರುವುಂಟು. ವೈರಸ್ಸಿಗಿಂತಲೂ ಸಣ್ಣದಾದ, 1971ರಲ್ಲಿ ‘ವೈರಾಯ್ಡ್’ ಎಂಬ ಹೆಸರನ್ನು ಪಡೆದ ರೋಗಕಾರಕಗಳಲ್ಲಿ ಎಕ್ಸೊಕಾರ್ಟಿಸ್ ರೋಗದ್ದು ಒಂದು. ಇದು ರಂಗಪುರ ನಿಂಬೆ, ಮೂರೆಲೆ ಕಿತ್ತಳೆಗಳ ಬುಡದ ಮೇಲೆ ಕಟ್ಟಿದ ಗಿಡಗಳನ್ನು ಕುಗ್ಗಿಸಿ, ಬುಡದ ತೊಗಟೆಯನ್ನು ಹಕ್ಕಳೆಯಾಗಿ ಏಳಿಸುತ್ತದೆ. ಚಾಕುವನ್ನು ಬೆಂಕಿಯ ಜ್ವಾಲೆಗೆ ಹಿಡಿಯುವುದರಿಂದಾಗಲಿ ಸ್ಪಿರಿಟ್ಟಿನಿಂದ ಒರಸುವುದರಿಂದಾಗಲಿ ಇದು ನಾಶವಾಗುವುದೆಂದು ನಂಬುವಂತಿಲ್ಲ. ಜ್ವಾಲೆಗೆ ಹಿಡಿದರೆ ಅಲಗಿನ ಹದವೂ ಹಾಳಾಗುತ್ತದೆ.

ಇದಕ್ಕೆ ತಕ್ಕ ಉಪಾಯವು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ. ಸುಮಾರು ಶೇಕಡ 5ರ ಬಲವುಳ್ಳ, ಮನೆಬಳಕೆಯ ಬಿಳುಪುಗೊಳಿಸುವ ದ್ರಾವಣದ 1 ಭಾಗಕ್ಕೆ 4 ಭಾಗ ನೀರನ್ನು ಸೇರಿಸಿದರೆ ಸುಮಾರು ಶೇಕಡ 1ರ ದ್ರಾವಣ ಸಿದ್ಧವಾಗುತ್ತದೆ. ಅದು ಬೇಗನೆ ಬಲಗುಂದುವುದರಿಂದ ಪ್ರತಿದಿನವೂ ಹೊಸದಾಗಿ ಮಾಡಿಕೊಳ್ಳತಕ್ಕದ್ದು. ನಿಂಬೆರಸವೇ ಮೊದಲಾದ ಹುಳಿಯನ್ನು ಇದರೊಡನೆ ಎಂದಿಗೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಮೊದಲು ಅಲಗಿನ ಅಂಟು, ರಸಗಳನ್ನು ಒರಸಿ, ಅನಂತರ ಅಲಗನ್ನು ದ್ರಾವಣದಲ್ಲಿ ಅದ್ದಬೇಕು. ಕೊಳೆಯ ಮೇಲೆ ಮದ್ದು ಕೆಲಸ ಮಾಡುವುದಿಲ್ಲ.

ಎರಡು ಚಾಕುಗಳಿದ್ದಲ್ಲಿ ಈ ಕೆಲಸ ಬಹಳ ಸುಲಭ. ಒಂದರ ಅಲಗು ದ್ರಾವಣದಲ್ಲಿ ಇರುವಾಗ ಇನ್ನೊಂದರಿಂದ ಒಂದು ಗಿಡವನ್ನು ಮುಗಿಸಬೇಕು. ಬಳಿಕ ಅದಲುಬದಲು ಮಾಡಿಕೊಳ್ಳಬೇಕು. ಈ ದ್ರಾವಣವು ಇಂಗಾಲದ ಉಕ್ಕನ್ನು ಬೇಗ ತಿನ್ನುವುದರಿಂದ, ರೋಗದ ಸಂಶಯವಿರುವ ತೋಟದಲ್ಲಿ ತುಕ್ಕು ಹಿಡಿಯದ ಉಕ್ಕಿನ ಸಾಧಾರಣ ಚಾಕುಗಳನ್ನೇ ಬಳಸುವುದು ಮೇಲು. ಹಿಡಿಯನ್ನಾಗಲಿ ಸ್ಪ್ರಿಂಗನ್ನಾಗಲಿ ದ್ರಾವಣದಲ್ಲಿ ಮುಳುಗಿಸಬಾರದು. ಸಂಜೆ ಕೆಲಸ ಮುಗಿದೊಡನೆ ಅಲಗುಗಳನ್ನು ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು.

ಸಂಗ್ರಹವನ್ನು ಕಾಪಾಡುವುದು

ಕೆಂಪು ತುಕ್ಕನ್ನು ತೆಗೆಯಲು ಅಲಗಿಗೆ ಸೀಮೆಎಣ್ಣೆಯನ್ನು ಸವರಿ ಒಂದು ರಾತ್ರಿ ಬಿಟ್ಟು, ಮರುದಿನ ಬಹಳ ನಯವಾದ ಉಕ್ಕಿನ ನಾರಿನಿಂದ ಮೆಲ್ಲನೆ ಉಜ್ಜಬೇಕು. ಕೀಲಿಗೂ ಅಲಗಿಗೂ ಹೊಲಿಗೆಯಂತ್ರದ ಎಣ್ಣೆ ಒಳ್ಳೆಯದು. ಅಡಿಗೆಯ ಎಣ್ಣೆಗಳು ಕಾಲಕ್ರಮದಲ್ಲಿ ಕಮಟಿ, ಅಂಟಾಗಿ, ಧೂಳನ್ನು ಹಿಡಿಯುತ್ತವೆ. ಮರ, ಮೂಳೆ, ಕೊಂಬುಗಳ ಹಿಡಿಯನ್ನು ನೀರಿನಲ್ಲಿ ನೆನೆಯಿಸಬಾರದು, ಬಿಸಿಲಿನಲ್ಲಿಡಬಾರದು.

ಚರ್ಮದ ಒರೆಯಲ್ಲಿ ಚಾಕುವನ್ನು ಹೊತ್ತು ತಿರುಗಬಹುದೇ ಹೊರತು ತಿಂಗಳುಗಟ್ಟಲೆ ಇಡಬಾರದು. ಚರ್ಮವು ತೇವವನ್ನು ಹೀರಿ ಹಿಡಿದುಕೊಳ್ಳುವುದಲ್ಲದೆ, ಹದ ಮಾಡಿದ ಪದಾರ್ಥಗಳ ಶೇಷವೂ ಉಕ್ಕನ್ನು ತಿನ್ನುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಎಣ್ಣೆ ಸವರಿದ ಚಾಕುವನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಒಣಗಿದ ಮರದ ಪೆಟ್ಟಿಗೆಯಲ್ಲಿಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ತೆರೆದು ನೋಡಬೇಕು.

ಸೆಲ್ಯುಲಾಯ್ಡ್ ಹಿಡಿಯ ಹಳೆಯ ಚಾಕುಗಳನ್ನು ಮಾತ್ರ ಬೇರೆಯಾಗಿ, ಗಾಳಿಯಾಡುವಂತೆ ಇಡತಕ್ಕದ್ದು. ಈ ಪದಾರ್ಥವು ಹಳತಾದಂತೆ ಒಡೆದು ಹುಳಿಯಾದ ಆವಿಯನ್ನು ಬಿಡುತ್ತದೆ. ಪಕ್ಕದಲ್ಲಿರುವ ಎಲ್ಲ ಚಾಕುಗಳೂ ಇದರಿಂದ ತುಕ್ಕು ಹಿಡಿಯುತ್ತವೆ. ಅದು ಬೇಗನೆ ಬೆಂಕಿ ಹತ್ತುವ ವಸ್ತುವೂ ಹೌದು.

ಪ್ರತಿಯೊಂದು ಚಾಕುವಿನೊಡನೆ ಅದು ಯಾರದು, ಯಾವ ಊರಿನಲ್ಲಿ ದೊರೆಯಿತು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂಬುದನ್ನು ಬರೆದ ಚೀಟಿಯಿರಬೇಕು. ಊರಿನ ಕಮ್ಮಾರನು ಮಾಡಿದ, ಮುದ್ರೆಯೇ ಇಲ್ಲದ ಚಾಕುವಿಗೆ ಇಂತಹ ಚೀಟಿಯೊಂದೇ ದಾಖಲೆ. ಅದಿಲ್ಲದಿದ್ದರೆ ಮುಂದಿನವರ ಕೈಯಲ್ಲಿ ಅದು ಬರಿಯ ಕಬ್ಬಿಣದ ತುಂಡಾಗುತ್ತದೆ.

ಎಚ್ಚರಿಕೆಯೂ ಕಾಯ್ದೆಯೂ

ಬೀಗವಿಲ್ಲದ ಚಾಕುವಿನಿಂದ ಚುಚ್ಚುವುದು, ಮೀಟುವುದು, ಬೆನ್ನಿಗೆ ಸುತ್ತಿಗೆಯಿಂದ ಹೊಡೆಯುವುದು ಕೂಡದು. ಅಲಗು ಬೆರಳುಗಳ ಮೇಲೆ ಮಡಚಿಕೊಂಡರೆ ಗಾಯವು ಮೂಳೆಯವರೆಗೂ ಇಳಿಯುವುದುಂಟು. ಮತ್ತೊಬ್ಬರ ಕೈಗೆ ಕೊಡುವಾಗ ಮಡಚಿಯೇ ಕೊಡಬೇಕು. ಗಾಯವಾದರೆ ಸಾಬೂನು ನೀರಿನಲ್ಲಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವಾಗಿ ವೈದ್ಯರನ್ನು ಕೂಡಲೇ ಕಾಣತಕ್ಕದ್ದು. ಮಣ್ಣು ಗೊಬ್ಬರಗಳಲ್ಲಿ ಕೆಲಸ ಮಾಡುವವರಿಗೆ ಈ ಭಯ ಹೆಚ್ಚು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಚಾಕುಗಳನ್ನು ಆಯುಧಗಳೊಂದಿಗೆ ಎಣಿಸಿದೆ. ಗೃಹಕೃತ್ಯ, ವ್ಯವಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ರಚಿತವಾದವುಗಳನ್ನು ಇದರಿಂದ ಬಿಟ್ಟಿದೆ. ಇಲ್ಲಿ ವಿವರಿಸಿದ ಚಾಕುಗಳು ಈ ಅಳತೆಗೆ ಬಹಳ ಒಳಗಿವೆ. ಉತ್ತರ ಪ್ರದೇಶದ ರಾಂಪುರದ ಉದ್ದ ಚಾಕುಗಳಂತೆ ಕಾದಾಟಕ್ಕೆ ಹೆಸರಾದವುಗಳಿಗೆ ವ್ಯವಸಾಯದ ವಿನಾಯಿತಿಯನ್ನು ಹೇಳಿಕೊಳ್ಳಲಾಗದು. ತೋಟದ ಚಾಕುವನ್ನೂ ಜಾತ್ರೆ, ಸಭೆ, ನ್ಯಾಯಾಲಯಗಳಿಗೆ ಒಯ್ಯದೆ ಮನೆಯಲ್ಲಿ ಬಿಡುವುದು ವಿವೇಕ. ದಂತದ ಅಥವಾ ಕಡವೆಯ ಕೊಂಬಿನ ಹಿಡಿಯುಳ್ಳ ಚಾಕುಗಳನ್ನು ಕೊಳ್ಳುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನೆಯಬೇಕು. ಈ ವಸ್ತುಗಳ ವ್ಯಾಪಾರವು ನಿಷಿದ್ಧವಾಗಿದೆ.

ಉಪಸಂಹಾರ

ಕೂಡಿಟ್ಟ ಚಾಕುಗಳ ಸಂಖ್ಯೆಯಿಂದ ಸಂಗ್ರಹದ ಯೋಗ್ಯತೆಯನ್ನು ಅಳೆಯಲಾಗದು. ಹದ ಕೆಡದ ಉಕ್ಕು, ಸಡಿಲವಾಗದ ಕೀಲು, ಶುಚಿಯಾದ ಬಾಯಿ ಇವು ಮೂರೂ ಇರುವ ನಾಲ್ಕು ಚಾಕುಗಳು, ಪೆಟ್ಟಿಗೆಯಲ್ಲಿ ತುಕ್ಕು ತಿನ್ನುವ ನಲವತ್ತಕ್ಕಿಂತ ಮೇಲು. ಕಸಿಗೆ ಒಂದು, ಸವರಲು ಒಂದು, ರೋಗದ ಗಿಡಗಳಿಗೆ ತುಕ್ಕು ಹಿಡಿಯದ್ದು ಒಂದು, ಹುರಿ ಚೀಲಗಳಿಗೆ ಒಂದು ಎಂದು ವಿಂಗಡಿಸಿಕೊಂಡರೆ ರೈತನ ಅಗತ್ಯಗಳು ಪೂರೈಸುತ್ತವೆ. ಈ ನಾಲ್ಕರಲ್ಲಿ ಒಂದೆರಡಾದರೂ ಮನೆಯ ಹಳೆಯ ಪೆಟ್ಟಿಗೆಯಲ್ಲಿಯೇ ದೊರೆಯಬಹುದಾದ್ದರಿಂದ, ಗುಜರಿಯವನಿಗೆ ಕಬ್ಬಿಣವನ್ನು ಹಾಕುವ ಮುನ್ನ ಅದನ್ನೊಮ್ಮೆ ತೆರೆದು ನೋಡತಕ್ಕದ್ದು.